ಹಳೆ ಎಳೆ, ಹೊಸ ಎಳೆ: ಡಿಎನ್ಎ ನಕಲಾಗುವುದು ಹೇಗೆ, ಅದು ನಮಗೆ ಗೊತ್ತಾದದ್ದು ಹೇಗೆ

ಗದಗಿನಿಂದ ನಮ್ಮ ದೊಡ್ಡವ್ವ ಚಿಕಿತ್ಸೆಗೆಂದು ಮುಂಬೈಗೆ ಬಂದು ಎರಡು ತಿಂಗಳಾಯಿತು. ಡೊಂಬಿವಿಲಿಯ ನಮ್ಮ ಮನೆಯಲ್ಲೇ ಇದ್ದಾಳೆ. ದೊಡ್ಡ ಕರುಳಿನ ಕ್ಯಾನ್ಸರ್. ಆಪರೇಷನ್ ಮುಗಿದಿದೆ, ಈಗ ಮಾತ್ರೆ ನಡೆದಿದೆ. ಮೂರು ವಾರಕ್ಕೊಮ್ಮೆ ಬೆಳಗಿನ ಲೋಕಲ್ ಹಿಡಿದು, ದಾದರ್‌ನಲ್ಲಿ ಇಳಿದು, ಸ್ಲೋ ಗಾಡಿ ಹತ್ತಿ ಪರೇಲಿಗೆ ಹೋಗುತ್ತೇವೆ. ಆಸ್ಪತ್ರೆಯ ಸಾಲಿನಲ್ಲಿ ಕನ್ನಡ ಕಿವಿಗೆ ಬೀಳದ ದಿನ ಇಲ್ಲ. ಬೀದರ್, ಬಾಗಲಕೋಟೆ, ಕಾರವಾರ, ಎಲ್ಲೆಲ್ಲಿಂದಲೋ ಬಂದವರು. ಕೈಯಲ್ಲಿ ಫೈಲು, ಕಣ್ಣಲ್ಲಿ ನಿದ್ದೆ.

ಕಳೆದ ಸಲ ಡಾಕ್ಟರು ಹಿಂದಿಯಲ್ಲಿ ಒಂದು ಮಾತು ಹೇಳಿದರು. ಈ ಮಾತ್ರೆ ಕ್ಯಾನ್ಸರ್ ಕೋಶಗಳ ಡಿಎನ್ಎ ಕಾಪಿ ಆಗದಂತೆ ತಡೆಯುತ್ತದೆ ಅಂತ. ನಾನು ಅದನ್ನು ಕನ್ನಡದಲ್ಲಿ ದೊಡ್ಡವ್ವನಿಗೆ ಹೇಳಿದೆ. ಅಲ್ಲಿಂದ ರಿಪೋರ್ಟಿನ ಪ್ರತಿ ತೆಗೆಸಲು ಫುಟ್‌ಪಾತಿನ ಜೆರಾಕ್ಸ್ ಅಂಗಡಿಗೆ ಹೋದೆವು. ಮಷೀನಿನ ಹಸಿರು ಬೆಳಕು ಆ ಕಡೆಯಿಂದ ಈ ಕಡೆಗೆ ಸರಿಯುವುದನ್ನೇ ದೊಡ್ಡವ್ವ ನೋಡುತ್ತಾ ನಿಂತಿದ್ದಳು. "ಆ ಡಿಎನ್ಎನೂ ಹಿಂಗ ಜೆರಾಕ್ಸ್ ಆಗ್ತದೇನು?" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಅಲ್ಲ ಮಗಳ, ಅದು ಕಾಪಿ ಆಗೋದನ್ನ ಕಣ್ಲೆ ಕಂಡವರು ಯಾರದಾರ?" ಎಂದಳು.

ಎರಡೂ ಸರಿಯಾದ ಪ್ರಶ್ನೆ. 1950ರ ದಶಕದಲ್ಲಿ ವಿಜ್ಞಾನಿಗಳು ತಲೆ ಕೆಡಿಸಿಕೊಂಡದ್ದೂ ಇದೇ ಎರಡು ಪ್ರಶ್ನೆಗಳ ಮೇಲೆ. ಮನೆಗೆ ಬಂದಮೇಲೆ ನಾನು ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಮನೆಯಲ್ಲಿ ಯಾರಿಗಾದರೂ ಇಂಥ ಮಾತ್ರೆ ನಡೆದಿದ್ದರೆ ನಿಮಗೂ ಈ ಪ್ರಶ್ನೆ ಬಂದಿರಬಹುದು.

ಡಿಎನ್ಎ ಅಂದರೇನು, ಅದು ಯಾಕೆ ನಕಲಾಗಬೇಕು

ದೊಡ್ಡವ್ವ ಮೂವತ್ತು ವರ್ಷ ಬ್ಲೌಸ್ ಹೊಲಿದವಳು. ಅವಳ ಹತ್ತಿರ ಒಂದು ಅಳತೆ ಪುಸ್ತಕವಿದೆ. ಯಾರ ಭುಜ ಎಷ್ಟು, ತೋಳು ಎಷ್ಟು, ಕೊರಳು ಎಷ್ಟು, ಎಲ್ಲ ಅದರಲ್ಲಿದೆ. ಪುಸ್ತಕ ತಾನೇ ಕೂತು ಹೊಲಿಯುವುದಿಲ್ಲ. ಏನು ಹೊಲಿಯಬೇಕು ಅಂತ ಹೇಳುತ್ತದೆ, ಅಷ್ಟೇ. ಡಿಎನ್ಎ ಅಂಥದೇ ಒಂದು ಪುಸ್ತಕ. ನಮ್ಮ ಮೈಯ ಜೀವಕೋಶಗಳೊಳಗೆ ಇರುತ್ತದೆ. ಯಾವ ಪ್ರೋಟೀನನ್ನು ಹೇಗೆ ಕಟ್ಟಬೇಕು ಎನ್ನುವ ಅಳತೆ ಅದರಲ್ಲಿ ಬರೆದಿದೆ.

ಈ ಪುಸ್ತಕದ ಭಾಷೆಗೆ ನಾಲ್ಕೇ ಅಕ್ಷರ. ಅಡೆನಿನ್, ಥೈಮಿನ್, ಗ್ವಾನಿನ್, ಸೈಟೋಸಿನ್ ಎಂಬ ನಾಲ್ಕು ರಾಸಾಯನಿಕಗಳು. ಚಿಕ್ಕದಾಗಿ ಎ, ಟಿ, ಜಿ, ಸಿ. ತಾಯಿಯಿಂದ ಬಂದ ಪ್ರತಿಯಲ್ಲಿ ಸುಮಾರು 320 ಕೋಟಿ ಅಕ್ಷರ, ತಂದೆಯಿಂದ ಬಂದ ಪ್ರತಿಯಲ್ಲಿ ಹತ್ತಿರಹತ್ತಿರ ಅಷ್ಟೇ. ಒಂದು ಕೋಶದ ಡಿಎನ್ಎಯನ್ನು ಬಿಚ್ಚಿ ಉದ್ದಕ್ಕೆ ಜೋಡಿಸಿದರೆ ಸುಮಾರು 2 ಮೀಟರ್ ಆಗುತ್ತದೆ. ಅಷ್ಟು ಉದ್ದದ ದಾರ ಕಣ್ಣಿಗೇ ಕಾಣದ ಕೋಶದೊಳಗೆ 46 ಉಂಡೆಗಳಾಗಿ ಸುತ್ತಿಕೊಂಡು ಕೂತಿರುತ್ತದೆ. ಈ ಉಂಡೆಗಳಿಗೇ ಕ್ರೋಮೋಸೋಮ್ ಎನ್ನುತ್ತಾರೆ.

ಇನ್ನು ನಕಲು ಯಾಕೆ ಬೇಕು? ಮೈಯೊಳಗೆ ದಿನಾ ಕೋಶಗಳು ಸಾಯುತ್ತವೆ, ಹೊಸವು ಹುಟ್ಟುತ್ತವೆ. ಕರುಳಿನ ಒಳಪದರ ಕೆಲವೇ ದಿನಗಳಲ್ಲಿ ಪೂರ್ತಿ ಹೊಸದಾಗುತ್ತದೆ. ರಕ್ತದ ಕೆಂಪು ಕಣಗಳು ಸೆಕೆಂಡಿಗೆ ಸುಮಾರು 20 ಲಕ್ಷ ತಯಾರಾಗುತ್ತವೆ. ಹೊಸ ಕೋಶ ಹುಟ್ಟುವುದು ಒಂದೇ ರೀತಿ: ಇದ್ದ ಒಂದು ಕೋಶ ಎರಡಾಗಬೇಕು. ಎರಡಕ್ಕೂ ಪೂರ್ತಿ ಪುಸ್ತಕ ಬೇಕು, ಅರ್ಧರ್ಧ ಹರಿದುಕೊಂಡರೆ ನಡೆಯುವುದಿಲ್ಲ. ಅದಕ್ಕೇ ಕೋಶ ಒಡೆಯುವ ಮುಂಚೆ ಡಿಎನ್ಎ ಎರಡಾಗಲೇಬೇಕು.

ಹುಕ್ಕಿನ ನಿಯಮ

1953ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಜೇಮ್ಸ್ ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್ ಡಿಎನ್ಎಯ ಆಕಾರವನ್ನು ವಿವರಿಸಿ ಒಂದು ಪುಟದಷ್ಟು ಲೇಖನ ಪ್ರಕಟಿಸಿದರು. ಅದರ ಹಿಂದೆ ಲಂಡನ್ನಿನ ರೊಸಾಲಿಂಡ್ ಫ್ರಾಂಕ್ಲಿನ್ ಅವರ ಪ್ರಯೋಗಾಲಯದಲ್ಲಿ ತೆಗೆದ ಎಕ್ಸ್-ರೇ ಚಿತ್ರಗಳ ಆಧಾರವಿತ್ತು. ಎರ್ವಿನ್ ಚಾರ್ಗಾಫ್ ಕಂಡುಕೊಂಡಿದ್ದ ಒಂದು ಲೆಕ್ಕವೂ ಇತ್ತು. ಯಾವ ಜೀವಿಯ ಡಿಎನ್ಎ ತೆಗೆದುಕೊಂಡರೂ ಅದರಲ್ಲಿ ಎ ಎಷ್ಟೋ ಟಿ ಅಷ್ಟೇ, ಜಿ ಎಷ್ಟೋ ಸಿ ಅಷ್ಟೇ ಇರುತ್ತದೆ ಎನ್ನುವುದು ಆ ಲೆಕ್ಕ.

ಡಿಎನ್ಎ ಒಂದೇ ಎಳೆಯಲ್ಲ, ಒಂದರ ಸುತ್ತ ಒಂದು ಸುತ್ತಿಕೊಂಡ ಎರಡು ಎಳೆ. ಬ್ಲೌಸಿನ ಎರಡು ಅಂಚು ಹುಕ್ಕಿನಿಂದ ಸೇರುವ ಹಾಗೆ ಈ ಎರಡು ಎಳೆಗಳೂ ಉದ್ದಕ್ಕೂ ಅಕ್ಷರಕ್ಕೆ ಅಕ್ಷರ ಸೇರಿಕೊಂಡಿರುತ್ತವೆ. ಆದರೆ ಯಾವ ಹುಕ್ಕು ಯಾವುದಕ್ಕೆ ಎನ್ನುವುದು ಗಟ್ಟಿ ನಿಯಮ. ಎ ಎದುರಿಗೆ ಟಿ ಮಾತ್ರ, ಜಿ ಎದುರಿಗೆ ಸಿ ಮಾತ್ರ. ಎ ಮತ್ತು ಟಿ ನಡುವೆ ಎರಡು ಹಿಡಿತ, ಜಿ ಮತ್ತು ಸಿ ನಡುವೆ ಮೂರು. ಹೀಗಾಗಿ ಒಂದು ಎಳೆಯಲ್ಲಿ "ಎ ಟಿ ಜಿ ಸಿ ಸಿ ಎ" ಅಂತ ಇದ್ದರೆ ಎದುರಿನ ಎಳೆಯಲ್ಲಿ "ಟಿ ಎ ಸಿ ಜಿ ಜಿ ಟಿ" ಇರಲೇಬೇಕು. ಒಂದನ್ನು ಓದಿದರೆ ಇನ್ನೊಂದನ್ನು ನೋಡದೆಯೇ ಬರೆಯಬಹುದು.

ಎಳೆಗಳನ್ನು ಬಿಡಿಸಿ, ಪ್ರತಿಯೊಂದರ ಎದುರಿಗೂ ಹೊಸ ಜೋಡಿ ಕಟ್ಟಿದರೆ ಒಂದು ಡಿಎನ್ಎ ಎರಡಾಗುತ್ತದೆ ಎನ್ನುವುದು ಇದರಿಂದಲೇ ಹೊಳೆಯುತ್ತದೆ, ಅಲ್ವಾ? ವಾಟ್ಸನ್ ಮತ್ತು ಕ್ರಿಕ್ ತಮ್ಮ ಲೇಖನದ ಕೊನೆಯಲ್ಲಿ ಇದನ್ನು ಒಂದೇ ವಾಕ್ಯದಲ್ಲಿ ಸೂಚಿಸಿ ಬಿಟ್ಟಿದ್ದರು. ಹೊಳೆಯುವುದು ಬೇರೆ, ನಿಜಕ್ಕೂ ಹಾಗೇ ನಡೆಯುತ್ತದೆ ಎಂದು ತೋರಿಸುವುದು ಬೇರೆ. ಅದಕ್ಕೆ ಇನ್ನೂ ಐದು ವರ್ಷ ಬೇಕಾಯಿತು.

ಮೂರು ದಾರಿಗಳಿದ್ದವು

ಒಪ್ಪದವರೂ ಇದ್ದರು. ಮ್ಯಾಕ್ಸ್ ಡೆಲ್‌ಬ್ರೂಕ್ ಎಂಬ ದೊಡ್ಡ ವಿಜ್ಞಾನಿ ಒಂದು ಗಂಭೀರ ತಕರಾರು ಎತ್ತಿದರು. ಈ ಎಳೆಗಳು ಹೆಚ್ಚುಕಡಿಮೆ ಪ್ರತಿ 10 ಜೋಡಿಗೊಮ್ಮೆ ಒಂದು ಸುತ್ತು ಸುತ್ತಿಕೊಂಡಿವೆ. ಒಂದು ಸಾದಾ ಬ್ಯಾಕ್ಟೀರಿಯಾದ ಡಿಎನ್ಎಯಲ್ಲೇ 4 ಲಕ್ಷಕ್ಕಿಂತ ಜಾಸ್ತಿ ಸುತ್ತು. ಅಷ್ಟನ್ನೂ ಗಂಟು ಬೀಳದಂತೆ ಬಿಡಿಸುವುದು ಸಾಧ್ಯವೇ? ಹುರಿ ಮಾಡಿದ ದಾರವನ್ನು ಎರಡು ಕೈಯಲ್ಲಿ ಹಿಡಿದು ಎಳೆ ಬಿಡಿಸಿ ನೋಡಿದವರಿಗೆ ಈ ತಕರಾರಿನ ತೂಕ ಗೊತ್ತು. ಮುಂದಿನ ಭಾಗವೆಲ್ಲ ಇನ್ನೂ ಬಿಗಿಯಾಗಿ ಸುತ್ತಿಕೊಂಡುಬಿಡುತ್ತದೆ.

ಹೀಗಾಗಿ ನಕಲಾಗಲು ಮೂರು ದಾರಿ ಇರಬಹುದು ಎಂಬ ಲೆಕ್ಕಕ್ಕೆ ಬಂದರು.

ಮೊದಲನೆಯದು ಜೆರಾಕ್ಸ್ ದಾರಿ. ಹಳೆಯ ಜೋಡಿ ಹಾಗೇ ಉಳಿಯುತ್ತದೆ, ಪಕ್ಕದಲ್ಲಿ ಪೂರ್ತಿ ಹೊಸ ಜೋಡಿ ತಯಾರಾಗುತ್ತದೆ. ಅಂಗಡಿಯವನು ನಮ್ಮ ಮೂಲ ಕಾಗದವನ್ನು ಹಾಗೇ ವಾಪಸ್ ಕೊಟ್ಟ ಹಾಗೆ.

ಎರಡನೆಯದು ವಾಟ್ಸನ್ ಮತ್ತು ಕ್ರಿಕ್ ಹೇಳಿದ್ದು. ಹಳೆಯ ಜೋಡಿ ಬಿಚ್ಚಿಕೊಂಡು, ಪ್ರತಿ ಮರಿಗೂ ಒಂದು ಹಳೆ ಎಳೆ, ಒಂದು ಹೊಸ ಎಳೆ. ಪಠ್ಯಪುಸ್ತಕಗಳಲ್ಲಿ ಇದಕ್ಕೆ ಸೆಮಿ-ಕನ್ಸರ್ವೇಟಿವ್ ಎನ್ನುತ್ತಾರೆ. ಅರ್ಧವನ್ನು ಉಳಿಸಿಕೊಳ್ಳುವುದು ಅಂತ ಅರ್ಥ.

ಮೂರನೆಯದು ಡೆಲ್‌ಬ್ರೂಕ್ ಯೋಚಿಸಿದ್ದು. ಬಿಡಿಸುವ ಕಷ್ಟವೇ ಬೇಡ ಅಂತ ಎಳೆಗಳು ಅಲ್ಲಲ್ಲಿ ತುಂಡಾಗಿ, ಹಳೆ ಚೂರು ಹೊಸ ಚೂರು ಬೆರೆತು ಮತ್ತೆ ಸೇರಿಕೊಳ್ಳುತ್ತವೆ.

ದೊಡ್ಡವ್ವ ತನ್ನ ದಾರದ ಡಬ್ಬಿ ಬೆನ್ನಿಗೇ ಕಟ್ಟಿಕೊಂಡು ಬಂದಿದ್ದಾಳೆ, ಮುಂಬೈಯಲ್ಲಿ ಕೈ ಸುಮ್ನೆ ಇರಬಾರದು ಅಂತ. ಹಾಸಿಗೆ ಮೇಲೆ ಎರಡು ಕೆಂಪು ದಾರ ಹುರಿ ಮಾಡಿ ಇಟ್ಟೆವು. ಅದು ಹಳೆಯ ಡಿಎನ್ಎ. ಇನ್ನು ಮುಂದೆ ಸಿಗುವುದೆಲ್ಲ ಬಿಳಿ ದಾರ. ಎರಡನೆಯ ದಾರಿಯಂತೆ ಬಿಡಿಸಿ ಜೋಡಿ ಮಾಡಿದರೆ ಮೊದಲ ಸಲಕ್ಕೆ ಎರಡು ಹುರಿ, ಎರಡೂ ಕೆಂಪು-ಬಿಳಿ. ಅವನ್ನು ಮತ್ತೆ ಬಿಡಿಸಿ ಜೋಡಿ ಮಾಡಿದರೆ ನಾಲ್ಕು ಹುರಿ. ಎರಡು ಕೆಂಪು-ಬಿಳಿ, ಎರಡು ಪೂರ್ತಿ ಬಿಳಿ. ಅವಳು ತಾನೇ ಮೂರನೆಯ ಸಲವೂ ಮಾಡಿ ನೋಡಿದಳು. ಎಂಟರಲ್ಲಿ ಎರಡು ಕೆಂಪು-ಬಿಳಿ, ಆರು ಬಿಳಿ. "ಕೆಂಪು ಎಲ್ಲೂ ಹೋಗಂಗಿಲ್ಲ ನೋಡು" ಎಂದಳು. ಸರಿಯಾಗಿ ಹಿಡಿದಿದ್ದಳು. ಮುಂದಿನ ಪ್ರಯೋಗದ ಜೀವ ಇರುವುದೇ ಅಲ್ಲಿ.

ಉಪ್ಪುನೀರಿನಲ್ಲಿ ತೂಗಿದರು

ಡಿಎನ್ಎಯ ಹಳೆ ಎಳೆಗೆ ದಾರದ ಹಾಗೆ ಬೇರೆ ಬಣ್ಣ ಬಳಿಯಲಾಗದು. ಆದರೆ ಅದನ್ನು ಭಾರ ಮಾಡಬಹುದು. ಇದನ್ನು ಮಾಡಿ ತೋರಿಸಿದವರು ಅಮೆರಿಕದ ಮ್ಯಾಥ್ಯೂ ಮೆಸೆಲ್ಸನ್ ಮತ್ತು ಫ್ರಾಂಕ್ಲಿನ್ ಸ್ಟಾಲ್. 1954ರ ಬೇಸಿಗೆಯಲ್ಲಿ ಪರಿಚಯವಾದ ಇಬ್ಬರು ಯುವಕರು. ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಪ್ರಯೋಗ ಮಾಡಿ, 1958ರಲ್ಲಿ ಪ್ರಕಟಿಸಿದರು.

ಡಿಎನ್ಎಯ ಅಕ್ಷರಗಳಲ್ಲಿ ಸಾರಜನಕ ಇರುತ್ತದೆ. ಸಾಮಾನ್ಯ ಸಾರಜನಕದ ತೂಕದ ಸಂಖ್ಯೆ 14. ಅದಕ್ಕೆ ಸ್ವಲ್ಪ ಭಾರವಾದ ಒಬ್ಬ ಅಣ್ಣ ಇದ್ದಾನೆ, ಸಂಖ್ಯೆ 15. ಗುಣವೆಲ್ಲ ಒಂದೇ, ತೂಕ ಮಾತ್ರ ಜಾಸ್ತಿ. ನಮ್ಮ ಕರುಳಿನಲ್ಲೂ ಇರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾಕ್ಕೆ ಅವರು ಭಾರದ ಸಾರಜನಕವನ್ನೇ ಉಣ್ಣಿಸಿದರು. 14 ತಲೆಮಾರು ಅದನ್ನೇ ತಿಂದು ಬೆಳೆದ ಬ್ಯಾಕ್ಟೀರಿಯಾದ ಡಿಎನ್ಎ ಎಲ್ಲ ಭಾರದ್ದೇ ಆಯಿತು. ನಮ್ಮ ಕೆಂಪು ದಾರ ಅದು. ಆಮೇಲೆ ಇದ್ದಕ್ಕಿದ್ದ ಹಾಗೆ ಊಟ ಬದಲಿಸಿ ಸಾಮಾನ್ಯ ಸಾರಜನಕ ಕೊಟ್ಟರು. ಆ ಗಳಿಗೆಯಿಂದ ಕಟ್ಟುವ ಎಳೆಯೆಲ್ಲ ಹಗುರ. ಅದು ಬಿಳಿ ದಾರ. ಒಂದೊಂದು ತಲೆಮಾರು ಕಳೆದಂತೆ ಸ್ವಲ್ಪ ಸ್ವಲ್ಪ ತೆಗೆದು ಅದರ ಡಿಎನ್ಎ ತೂಗಿದರು.

ತೂಗಿದ ಬಗೆ ನನಗೆ ತುಂಬಾ ಇಷ್ಟ. ಭತ್ತ ಬೆಳೆಯುವವರು ಬಿತ್ತನೆ ಬೀಜವನ್ನು ಉಪ್ಪುನೀರಿಗೆ ಹಾಕಿ ಆರಿಸುತ್ತಾರೆ. ಜೊಳ್ಳು ತೇಲುತ್ತದೆ, ಗಟ್ಟಿ ಕಾಳು ಮುಳುಗುತ್ತದೆ. ಈಗ ಇದೇ ಉಪ್ಪುನೀರು ಮೇಲೆ ತೆಳ್ಳಗೆ, ಕೆಳಗೆ ಹೋದಷ್ಟೂ ಗಟ್ಟಿಯಾಗಿದೆ ಎಂದುಕೊಳ್ಳಿ. ಆಗ ಪ್ರತಿ ಕಾಳೂ ತನ್ನ ತೂಕಕ್ಕೆ ಸರಿಹೊಂದುವ ಮಟ್ಟದಲ್ಲಿ ನಿಂತುಬಿಡುತ್ತದೆ. ಮೆಸೆಲ್ಸನ್ ಮತ್ತು ಸ್ಟಾಲ್ ಬಳಸಿದ್ದು ಸೀಸಿಯಂ ಕ್ಲೋರೈಡ್ ಎಂಬ ಭಾರದ ಉಪ್ಪು. ಅದರ ನೀರಿನಲ್ಲಿ ಡಿಎನ್ಎ ಹಾಕಿ, ನಿಮಿಷಕ್ಕೆ 44,770 ಸುತ್ತಿನ ವೇಗದಲ್ಲಿ 20 ಗಂಟೆ ಗಿರಗಿರ ತಿರುಗಿಸಿದರು. ತಿರುಗುವ ರಭಸಕ್ಕೆ ಉಪ್ಪು ಒಂದು ಕಡೆಗೆ ದಟ್ಟವಾಗುತ್ತದೆ, ಡಿಎನ್ಎ ತನ್ನ ಮಟ್ಟದಲ್ಲಿ ಒಂದು ಪಟ್ಟಿಯಾಗಿ ನಿಲ್ಲುತ್ತದೆ. ಡಿಎನ್ಎ ನೇರಳಾತೀತ ಬೆಳಕನ್ನು ಹೀರುತ್ತದೆ. ಆ ಬೆಳಕಿನಲ್ಲಿ ಫೋಟೋ ತೆಗೆದರೆ ಕಪ್ಪು ಗೆರೆ ಕಾಣುತ್ತದೆ. "ಕಣ್ಲೆ ಕಂಡವರು ಯಾರು" ಎನ್ನುವ ಪ್ರಶ್ನೆಗೆ ಮೊದಲ ಉತ್ತರ ಆ ಕಪ್ಪು ಗೆರೆ.

ಊಟ ಬದಲಿಸುವ ಮೊದಲು ಒಂದೇ ಗೆರೆ, ಭಾರದ ಜಾಗದಲ್ಲಿ. ಒಂದು ತಲೆಮಾರು ಆದಮೇಲೂ ಒಂದೇ ಗೆರೆ, ಆದರೆ ಭಾರಕ್ಕೂ ಹಗುರಕ್ಕೂ ಸರಿ ನಡುವೆ. ಜೆರಾಕ್ಸ್ ದಾರಿ ಅಲ್ಲಿಗೇ ಮುಚ್ಚಿತು. ಜೆರಾಕ್ಸ್ ಆಗಿದ್ದರೆ ಹಳೆಯದು ಭಾರದ ಜಾಗದಲ್ಲಿ, ಹೊಸದು ಹಗುರದ ಜಾಗದಲ್ಲಿ, ಹೀಗೆ ಎರಡು ಗೆರೆ ಬರಬೇಕಿತ್ತು. ನಡುವೆ ಏನೂ ಇರಬಾರದಿತ್ತು.

ಆದರೆ ಚೂರು ಬೆರೆಯುವ ದಾರಿ ಇನ್ನೂ ಉಳಿದಿತ್ತು. ಅದರಲ್ಲೂ ಮೊದಲ ತಲೆಮಾರಿಗೆ ನಡುವಿನ ಗೆರೆಯೇ ಬರುತ್ತದೆ. ಎರಡನೆಯ ತಲೆಮಾರಿಗೆ ಕಾಯಬೇಕಿತ್ತು. ಚೂರು ಬೆರೆಯುವುದಾದರೆ ಎಲ್ಲ ಡಿಎನ್ಎಯೂ ಸಮನಾಗಿ ಇನ್ನಷ್ಟು ಹಗುರಾಗಿ, ಒಂದೇ ಗೆರೆ ಮೇಲಕ್ಕೆ ಸರಿಯಬೇಕು. ಬಂದದ್ದು ಎರಡು ಗೆರೆ. ಒಂದು ಸರಿ ನಡುವೆ, ಇನ್ನೊಂದು ಪೂರ್ತಿ ಹಗುರದ ಜಾಗದಲ್ಲಿ, ಎರಡೂ ಸಮಸಮ. ನಮ್ಮ ಹಾಸಿಗೆ ಮೇಲಿದ್ದ ಎರಡು ಕೆಂಪು-ಬಿಳಿ, ಎರಡು ಬಿಳಿ. ಮುಂದಿನ ತಲೆಮಾರುಗಳಲ್ಲಿ ಹಗುರದ ಗೆರೆ ದಪ್ಪವಾಗುತ್ತಾ ಹೋಯಿತು. ನಡುವಿನದು ಸಣ್ಣದಾದರೂ ಜಾಗ ಬಿಡಲಿಲ್ಲ.

ಅವರು ಇನ್ನೊಂದು ಹೆಜ್ಜೆ ಇಟ್ಟರು. ನಡುವಿನ ಗೆರೆಯ ಡಿಎನ್ಎಯನ್ನು ಬಿಸಿ ಮಾಡಿದರು. ಬಿಸಿಗೆ ಹುಕ್ಕು ಬಿಚ್ಚಿಕೊಂಡು ಎರಡು ಭಾಗವಾಯಿತು. ತೂಗಿದರೆ ಒಂದು ಭಾಗ ಭಾರ, ಒಂದು ಹಗುರ. ಒಂದು ಹಳೆ ಎಳೆ, ಒಂದು ಹೊಸ ಎಳೆ. ಜಾನ್ ಕೇರ್ನ್ಸ್ ಎಂಬ ವಿಜ್ಞಾನಿ ಇದನ್ನು ಜೀವವಿಜ್ಞಾನದ ಅತಿ ಸುಂದರ ಪ್ರಯೋಗ ಎಂದು ಕರೆದರು. ಕೆಂಪು ದಾರ, ಬಿಳಿ ದಾರ ಹಿಡಿದು ಕೂತಿದ್ದ ಆ ಸಂಜೆ ನನಗೂ ಹಾಗೇ ಅನ್ನಿಸಿತು.

ಬೇರಿನ ತುದಿಯಲ್ಲೂ, ಫಿಲ್ಮಿನ ಮೇಲೂ

ಬ್ಯಾಕ್ಟೀರಿಯಾದಲ್ಲಿ ಸರಿ, ಗಿಡಮರ ಮನುಷ್ಯರಲ್ಲಿ? 1957ರಲ್ಲೇ ಹರ್ಬರ್ಟ್ ಟೇಲರ್ ಮತ್ತು ಜೊತೆಯವರು ಅವರೆಯಂಥ ಒಂದು ಕಾಳಿನ ಗಿಡದ ಬೇರಿನ ತುದಿಗೆ ವಿಕಿರಣ ಸೂಸುವ ಥೈಮಿನ್ ಅಕ್ಷರ ಕುಡಿಸಿ ನೋಡಿದ್ದರು. ಮೊದಲ ಸಲ ಕ್ರೋಮೋಸೋಮ್ ಎರಡಾದಾಗ ಎರಡರಲ್ಲೂ ಗುರುತು ಇತ್ತು. ಆಮೇಲೆ ಸಾದಾ ನೀರಿನಲ್ಲಿ ಬೆಳೆಸಿ ಎರಡನೆಯ ಸಲ ನೋಡಿದರೆ ಒಂದರಲ್ಲಿ ಮಾತ್ರ. ಲೆಕ್ಕ ಅದೇ.

1963ರಲ್ಲಿ ಕೇರ್ನ್ಸ್ ನಕಲಾಗುತ್ತಿರುವ ಡಿಎನ್ಎಯ ಚಿತ್ರವನ್ನೇ ತೆಗೆದರು. ಇ. ಕೋಲಿಗೂ ಅಂಥದೇ ವಿಕಿರಣದ ಅಕ್ಷರ ಉಣ್ಣಿಸಿ, ಅದರ ಡಿಎನ್ಎಯನ್ನು ಮೆಲ್ಲಗೆ ಹೊರತೆಗೆದು ಫೋಟೋ ಫಿಲ್ಮಿನ ಕೆಳಗೆ ಹರಡಿಟ್ಟು ವಾರಗಟ್ಟಲೆ ಕಾದರು. ಫಿಲ್ಮಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಒಂದು ಬಳೆ ಮೂಡಿತು. ಬಳೆಯ ಒಂದು ಭಾಗ ಸೀಳಿ ಎರಡಾಗಿತ್ತು. ನಕಲು ನಡೆಯುತ್ತಿದ್ದಾಗಲೇ ಸಿಕ್ಕಿಬಿದ್ದ ಡಿಎನ್ಎ ಅದು.

ಒಳಗೆ ಕೆಲಸ ಮಾಡುವವರು

ನಕಲು ತನ್ನಷ್ಟಕ್ಕೆ ತಾನೇ ಆಗುವುದಿಲ್ಲ. ಕಿಣ್ವಗಳು ಎಂಬ ಪ್ರೋಟೀನುಗಳ ಒಂದು ತಂಡವೇ ದುಡಿಯುತ್ತದೆ. ಅವುಗಳಲ್ಲಿ ಅಕ್ಷರ ಜೋಡಿಸುವ ಕಿಣ್ವದ ಹೆಸರು ಡಿಎನ್ಎ ಪಾಲಿಮರೇಸ್. ಇದನ್ನು 1956ರಲ್ಲಿ ಮೊದಲು ಹೊರತೆಗೆದು ಗಾಜಿನ ಕೊಳವೆಯಲ್ಲೇ ಡಿಎನ್ಎ ಕಟ್ಟಿಸಿದವರು ಆರ್ಥರ್ ಕಾರ್ನ್‌ಬರ್ಗ್. 1959ರ ನೊಬೆಲ್ ಅವರಿಗೆ ಬಂತು. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡು ಮಾಡಿಸಿದ ಆರ್‌ಟಿ-ಪಿಸಿಆರ್ ಪರೀಕ್ಷೆ ನೆನಪಿದೆಯಲ್ಲ? ಅಲ್ಲೂ ಮಷೀನಿನೊಳಗೆ ನಡೆಯುವುದು ಇದೇ. ಬಿಸಿ ಮಾಡಿ ಎಳೆ ಬಿಡಿಸುವುದು, ತಣಿಸಿ ಹೊಸ ಎಳೆ ಕಟ್ಟಿಸುವುದು. ಪ್ರತಿ ಸುತ್ತಿಗೂ ಎರಡು ಪಟ್ಟು. 30 ಸುತ್ತಿಗೆ ಒಂದು ತುಣುಕು 100 ಕೋಟಿ ದಾಟುತ್ತದೆ.

ಕೋಶದೊಳಗೆ ಮೊದಲು ಹೆಲಿಕೇಸ್ ಎಂಬ ಕಿಣ್ವ ಹುಕ್ಕು ಬಿಚ್ಚುತ್ತಾ ಹೋಗುತ್ತದೆ. ಅದರ ಹಿಂದೆ ಪಾಲಿಮರೇಸ್ ಬರುತ್ತದೆ. ಆದರೆ ಪಾಲಿಮರೇಸಿಗೆ ಖಾಲಿ ಜಾಗದಿಂದ ಶುರು ಮಾಡಲು ಬರುವುದಿಲ್ಲ. ಇನ್ನೊಂದು ಕಿಣ್ವ ಬಂದು, ಡಿಎನ್ಎಯ ಹತ್ತಿರದ ಸಂಬಂಧಿಯಾದ ಆರ್‌ಎನ್ಎಯ ಒಂದು ಪುಟ್ಟ ತುಂಡು ಹಾಕಿಕೊಡಬೇಕು. ಬ್ಲೌಸಿಗೆ ಮೊದಲು ಕಚ್ಚಾ ಹೊಲಿಗೆ ಹಾಕಿ, ಪಕ್ಕಾ ಹೊಲಿಗೆ ಬಿದ್ದಮೇಲೆ ಅದನ್ನು ಕಿತ್ತುಹಾಕುತ್ತೇವಲ್ಲ, ಹಾಗೆ. ಆ ಆರ್‌ಎನ್ಎ ತುಂಡನ್ನೂ ಆಮೇಲೆ ತೆಗೆದುಬಿಡುತ್ತವೆ.

ಇಲ್ಲೊಂದು ತೊಡಕಿದೆ. ಎರಡು ಎಳೆಗಳು ಎದುರುಬದುರು ದಿಕ್ಕಿನಲ್ಲಿ ಓಡುತ್ತವೆ. ಪಾಲಿಮರೇಸ್ ಮಾತ್ರ ಒಂದೇ ದಿಕ್ಕಿಗೆ ಹೊಲಿಯಬಲ್ಲದು. ದೊಡ್ಡವ್ವನಿಗೆ ಇದು ತಕ್ಷಣ ತಿಳಿಯಿತು, ಯಾಕೆಂದರೆ ಹೊಲಿಗೆ ಮಷೀನೂ ಹಾಗೇ. ಉದ್ದದ ಬಟ್ಟೆಯ ಹಳೆ ಹೊಲಿಗೆಯನ್ನು ಒಬ್ಬರು ಎಡದಿಂದ ಬಲಕ್ಕೆ ಬಿಚ್ಚುತ್ತಾ ಹೋಗುತ್ತಿದ್ದಾರೆ ಎಂದುಕೊಳ್ಳಿ. ಒಂದು ಅಂಚಿನಲ್ಲಿ ಮಷೀನು ಬಿಚ್ಚುವ ಕೈಯ ಹಿಂದೆಯೇ ಸಲೀಸಾಗಿ ಓಡುತ್ತದೆ. ಇನ್ನೊಂದು ಅಂಚಿನಲ್ಲಿ ಮಷೀನು ಬಲದಿಂದ ಎಡಕ್ಕೆ ಮಾತ್ರ ಓಡಬೇಕು. ಹಾಗಾಗಿ ಬಿಚ್ಚಿದಷ್ಟನ್ನು ಹಿಂದಕ್ಕೆ ಹೊಲಿದು, ಸೂಜಿ ಎತ್ತಿ, ಇನ್ನಷ್ಟು ಬಿಚ್ಚಿದಮೇಲೆ ಮುಂದಿನಿಂದ ಶುರು ಮಾಡಿ ಮತ್ತೆ ಹಿಂದಕ್ಕೆ ಹೊಲಿಯಬೇಕು. ಹೀಗೆ ತುಂಡು ತುಂಡಾಗಿ ಹೊಲಿದ ಮೇಲೆ ಲೈಗೇಸ್ ಎಂಬ ಕಿಣ್ವ ಆ ತುಂಡುಗಳನ್ನು ಕೂಡಿಸುತ್ತದೆ.

ಇದು ಬರೀ ಊಹೆಯಲ್ಲ. ಜಪಾನಿನ ನಗೋಯಾದಲ್ಲಿ ರೇಜಿ ಮತ್ತು ತ್ಸುನೆಕೊ ಒಕಾಜಾಕಿ ದಂಪತಿ 1968ರಲ್ಲಿ ಇದನ್ನು ತೋರಿಸಿದರು. ಬ್ಯಾಕ್ಟೀರಿಯಾಕ್ಕೆ ಕೆಲವೇ ಸೆಕೆಂಡು ವಿಕಿರಣದ ಅಕ್ಷರ ಕೊಟ್ಟು ನೋಡಿದರೆ ಗುರುತು ಸಿಕ್ಕಿದ್ದು ಚಿಕ್ಕ ಚಿಕ್ಕ ತುಂಡುಗಳಲ್ಲಿ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಅದೇ ಗುರುತು ಉದ್ದದ ಎಳೆಯಲ್ಲಿ. ಆ ತುಂಡುಗಳಿಗೆ ಇಂದಿಗೂ ಅವರದೇ ಹೆಸರು. ರೇಜಿ ಹಿರೋಷಿಮಾದವರು. ಬಾಂಬು ಬಿದ್ದಾಗ ಹದಿಹರೆಯದ ಹುಡುಗ. 1975ರಲ್ಲಿ, ಇನ್ನೂ ನಡುವಯಸ್ಸಿನಲ್ಲೇ, ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಆಮೇಲೂ ತ್ಸುನೆಕೊ ಈ ಕೆಲಸ ಮುಂದುವರಿಸಿದರು. ಇದನ್ನು ದೊಡ್ಡವ್ವನಿಗೆ ಹೇಳಿದಾಗ ಅವಳು ಬಹಳ ಹೊತ್ತು ಮಾತಾಡಲಿಲ್ಲ.

ಡೆಲ್‌ಬ್ರೂಕ್ ಎತ್ತಿದ ಗಂಟಿನ ತಕರಾರಿಗೂ ಉತ್ತರ ಸಿಕ್ಕಿತು. ಟೋಪೋಐಸೋಮರೇಸ್ ಎಂಬ ಕಿಣ್ವಗಳಿವೆ. ಇಂಥದೊಂದನ್ನು ಮೊದಲು ಕಂಡದ್ದು ಜೇಮ್ಸ್ ವಾಂಗ್, 1971ರಲ್ಲಿ. ಎಳೆ ಬಿಗಿಯಾದ ಕಡೆ ಇವು ಅದನ್ನು ಕತ್ತರಿಸಿ, ಸುತ್ತು ಬಿಡಿಸಿ, ಮತ್ತೆ ಅಂಟಿಸಿಬಿಡುತ್ತವೆ. ಬ್ಯಾಕ್ಟೀರಿಯಾದ ಇಂಥ ಕಿಣ್ವವನ್ನು ಕೆಡಿಸುವ ಔಷಧಿಯ ಹೆಸರು ನಿಮಗೆ ಗೊತ್ತಿದ್ದೇ ಇರುತ್ತದೆ: ಸಿಪ್ರೋಫ್ಲಾಕ್ಸಾಸಿನ್.

ಎಷ್ಟು ಬೇಗ, ಎಷ್ಟು ಸರಿ

ಇ. ಕೋಲಿಯಲ್ಲಿ ಪಾಲಿಮರೇಸ್ ಸೆಕೆಂಡಿಗೆ ಸುಮಾರು 1,000 ಅಕ್ಷರ ಕೂಡಿಸುತ್ತದೆ. ಒಂದು ಜಾಗದಿಂದ ಎರಡೂ ದಿಕ್ಕಿಗೆ ಕೆಲಸ ಸಾಗುವುದರಿಂದ ಅದರ 46 ಲಕ್ಷ ಜೋಡಿ ಅಕ್ಷರ ಸುಮಾರು 40 ನಿಮಿಷದಲ್ಲಿ ಮುಗಿಯುತ್ತದೆ. ನಮ್ಮಲ್ಲಿ ವೇಗ ಕಡಿಮೆ, ಸೆಕೆಂಡಿಗೆ 50ರ ಆಸುಪಾಸು. ನಮ್ಮ ಅತಿ ದೊಡ್ಡ ಕ್ರೋಮೋಸೋಮಿನಲ್ಲಿ ಸುಮಾರು 25 ಕೋಟಿ ಜೋಡಿಗಳಿವೆ. ಒಂದು ತುದಿಯಿಂದ ಶುರು ಮಾಡಿದರೆ 58 ದಿನ ಬೇಕು. ಆದರೆ ಕೆಲಸ ಮುಗಿಯುವುದು ಸುಮಾರು 8 ಗಂಟೆಯಲ್ಲಿ. ಯಾಕೆಂದರೆ ಒಂದೇ ಕಡೆಯಿಂದ ಶುರುವಾಗುವುದಿಲ್ಲ. ಒಂದು ಕೋಶದ ಡಿಎನ್ಎಯಲ್ಲಿ ಸಾವಿರಾರು ಕಡೆ ಬಿಚ್ಚಿ, ಎಲ್ಲ ಕಡೆಯಿಂದಲೂ ಹೊಲಿಯುತ್ತಾ ಬರುತ್ತವೆ.

ತಪ್ಪುಗಳ ಲೆಕ್ಕ ಇನ್ನೂ ಚೆಂದ. ಪಾಲಿಮರೇಸ್ ಮೊದಲಿಗೆ ಲಕ್ಷಕ್ಕೆ ಒಂದರಂತೆ ತಪ್ಪು ಅಕ್ಷರ ಹಾಕುತ್ತದೆ. ಹಾಕಿದ ಕೂಡಲೇ ಹಿಂದೆ ತಿರುಗಿ ನೋಡಿ, ತಪ್ಪಿದ್ದರೆ ಕಿತ್ತು ಬೇರೆ ಹಾಕುತ್ತದೆ. ಅಲ್ಲಿಗೆ ತಪ್ಪು ಕೋಟಿಗೆ ಒಂದಕ್ಕೆ ಇಳಿಯುತ್ತದೆ. ಆಮೇಲೆ ಇನ್ನೊಂದು ತಂಡ ಬಂದು ಉಳಿದದ್ದನ್ನು ಹುಡುಕಿ ಸರಿಮಾಡುತ್ತದೆ. ಕೊನೆಗೆ ಉಳಿಯುವುದು 100 ಕೋಟಿಗೆ ಒಂದೋ, ಅದಕ್ಕಿಂತ ಕಡಿಮೆಯೋ. ಈ ಕೊನೆಯ ತಂಡ ಕೆಲಸ ಮಾಡುವ ರೀತಿಯನ್ನು ಬಿಡಿಸಿಟ್ಟ ಪಾಲ್ ಮಾಡ್ರಿಚ್ ಅವರಿಗೆ 2015ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಕೆಲವು ಕುಟುಂಬಗಳಲ್ಲಿ ಹುಟ್ಟಿನಿಂದಲೇ ಈ ತಂಡದ ಒಬ್ಬರು ಕೈಕೊಟ್ಟಿರುತ್ತಾರೆ. ಅಂಥವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಬರುವ ಸಾಧ್ಯತೆ ಜಾಸ್ತಿ. ಮನೆಯಲ್ಲಿ ಮತ್ತೆ ಯಾರಿಗಾದರೂ ಇತ್ತಾ ಅಂತ ಡಾಕ್ಟರು ಕೇಳುವುದಕ್ಕೆ ಇದೂ ಒಂದು ಕಾರಣ.

ಪರೇಲಿನಲ್ಲೇ ನಡೆದ ಇನ್ನೊಂದು ಕಥೆ

ನಾವು ಆಸ್ಪತ್ರೆಗೆ ಹೋಗುವ ಪರೇಲಿನಲ್ಲೇ, ಹಿಂದೆ ಗವರ್ನರ್ ಬಂಗಲೆಯಾಗಿದ್ದ ಹಳೆಯ ಕಟ್ಟಡದಲ್ಲಿ ಹಾಫ್‌ಕಿನ್ ಇನ್‌ಸ್ಟಿಟ್ಯೂಟ್ ಇದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಇಲ್ಲಿಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಹೆಂಗಸರು ಬಸಿರಾದಾಗ ತೀವ್ರ ರಕ್ತಹೀನತೆಯಿಂದ ಸಾಯುತ್ತಿದ್ದರು. ಅವರ ರಕ್ತದ ಕೆಂಪು ಕಣಗಳು ಇರಬೇಕಾದದ್ದಕ್ಕಿಂತ ದೊಡ್ಡದಾಗಿ, ಸಂಖ್ಯೆಯಲ್ಲಿ ಕಡಿಮೆ ಇರುತ್ತಿದ್ದವು. ವಿಲ್ಸ್ ಆ ಹೆಂಗಸರ ಊಟ ಗಮನಿಸಿದರು, ಒಂದೊಂದೇ ಆಹಾರ ಕೊಟ್ಟು ನೋಡಿದರು. ಯೀಸ್ಟಿನಿಂದ ಮಾಡಿದ ಮಾರ್ಮೈಟ್ ಎಂಬ ಅಗ್ಗದ ಪದಾರ್ಥ ತಿಂದವರು ಚೇತರಿಸಿಕೊಂಡರು. 1931ರಲ್ಲಿ ಇದನ್ನು ಪ್ರಕಟಿಸಿದರು. ಅದರಲ್ಲಿದ್ದ ಗುಣಕಾರಿ ವಸ್ತು ಏನು ಎಂಬುದು ಗೊತ್ತಾಗಲು ಇನ್ನೂ ಹತ್ತು ವರ್ಷ ಬೇಕಾಯಿತು. 1941ರಲ್ಲಿ ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿದರು. ಅದೇ ಫೋಲಿಕ್ ಆಮ್ಲ. ಬಸುರಿಯರಿಗೆ ಇಂದು ಕೊಡುವ ಮಾತ್ರೆ.

ಇದಕ್ಕೂ ಡಿಎನ್ಎ ನಕಲಿಗೂ ಏನು ಸಂಬಂಧ? ನಾಲ್ಕು ಅಕ್ಷರಗಳಲ್ಲಿ ಟಿ ಅಕ್ಷರವನ್ನು ಕೋಶ ತಾನೇ ತಯಾರಿಸಿಕೊಳ್ಳುತ್ತದೆ. ಯು ಎಂಬ ಹತ್ತಿರದ ಸಂಬಂಧಿ ಅಕ್ಷರಕ್ಕೆ ಒಂದು ಸಣ್ಣ ತುಣುಕು ಸೇರಿಸಿದರೆ ಟಿ ಆಗುತ್ತದೆ. ಆ ತುಣುಕನ್ನು ಹೊತ್ತು ತಂದುಕೊಡುವುದು ಫೋಲಿಕ್ ಆಮ್ಲದ ಒಂದು ರೂಪ. ಅದು ಇಲ್ಲದಿದ್ದರೆ ಟಿ ಇಲ್ಲ, ಟಿ ಇಲ್ಲದಿದ್ದರೆ ನಕಲು ನಿಲ್ಲುತ್ತದೆ. ರಕ್ತ ಹುಟ್ಟುವ ಜಾಗದಲ್ಲಿ ಕೋಶಗಳು ಬೆಳೆಯುತ್ತವೆ, ಆದರೆ ಎರಡಾಗಲು ಆಗುವುದಿಲ್ಲ. ಊದಿಕೊಂಡು ದೊಡ್ಡದಾಗುತ್ತವೆ, ಸಂಖ್ಯೆ ಕಡಿಮೆಯಾಗುತ್ತದೆ. ಗಿರಣಿಯ ಹೆಂಗಸರ ರಕ್ತದಲ್ಲಿ ವಿಲ್ಸ್ ಕಂಡದ್ದು ಅದನ್ನೇ, ಡಿಎನ್ಎಯ ಆಕಾರ ಗೊತ್ತಾಗುವ ಇಪ್ಪತ್ತು ವರ್ಷ ಮೊದಲು.

ದೊಡ್ಡವ್ವನ ಮಾತ್ರೆ

ದೊಡ್ಡವ್ವ ತಗೊಳ್ಳುವ ಮಾತ್ರೆ ಕೆಪೆಸಿಟಾಬಿನ್. ಮೈಯೊಳಗೆ ಹೋಗಿ ಅದು 5-ಫ್ಲೋರೋಯುರಾಸಿಲ್ ಎಂಬ ಔಷಧಿಯಾಗಿ ಬದಲಾಗುತ್ತದೆ. 1957ರಿಂದಲೂ ಗೊತ್ತಿರುವ ಔಷಧಿ ಅದು. ನೋಡಲು ಯು ಅಕ್ಷರದ ಹಾಗೇ ಇರುತ್ತದೆ. ಟಿ ತಯಾರಿಸುವ ಕಿಣ್ವ ಇದನ್ನೇ ಯು ಎಂದುಕೊಂಡು ಹಿಡಿಯುತ್ತದೆ. ಹಿಡಿದಮೇಲೆ ಬಿಡಲು ಆಗುವುದಿಲ್ಲ. ಔಷಧಿ, ಕಿಣ್ವ, ಫೋಲಿಕ್ ಆಮ್ಲದ ಆ ರೂಪ, ಮೂರೂ ಒಂದಕ್ಕೊಂದು ಕಚ್ಚಿಕೊಂಡು ನಿಂತುಬಿಡುತ್ತವೆ. ಟಿ ತಯಾರಾಗುವುದು ನಿಲ್ಲುತ್ತದೆ. ನಕಲಿನ ನಡುವೆ ಇದ್ದ ಕೋಶ ಮುಂದೆ ಹೋಗಲಾರದೆ ಸಾಯುತ್ತದೆ.

ಮನೆಯಲ್ಲಿದ್ದ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ದೊಡ್ಡವ್ವ ಶಕ್ತಿಗೆಂದು ನುಂಗುತ್ತಿದ್ದಳು. ಡಾಕ್ಟರು ಅದನ್ನು ಕೂಡಲೇ ನಿಲ್ಲಿಸಲು ಹೇಳಿದ್ದರು. ಈಗ ಅದರ ಕಾರಣ ಅವಳಿಗೂ ನನಗೂ ಗೊತ್ತಾಯಿತು. ಫೋಲಿಕ್ ಆಮ್ಲ ಜಾಸ್ತಿ ಇದ್ದರೆ ಆ ಕಚ್ಚುವಿಕೆ ಇನ್ನೂ ಬಿಗಿಯಾಗಿ, ಔಷಧಿಯ ಕಾಟ ಹೆಚ್ಚಾಗುತ್ತದೆ. ಈ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಯಾವ ವಿಟಮಿನ್ ಮಾತ್ರೆಯನ್ನೂ ತಗೋಬೇಡಿ.

ಔಷಧಿಗೆ ಕ್ಯಾನ್ಸರ್ ಕೋಶ ಯಾವುದು, ಒಳ್ಳೆಯ ಕೋಶ ಯಾವುದು ಅಂತ ಗುರುತು ಸಿಗುವುದಿಲ್ಲ. ನಕಲು ಮಾಡಿಕೊಳ್ಳುತ್ತಿರುವ ಕೋಶ ಯಾವುದಾದರೂ ಪೆಟ್ಟು ಬೀಳುತ್ತದೆ. ಕ್ಯಾನ್ಸರ್ ಕೋಶ ನಿಲ್ಲದೆ ನಕಲಾಗುವುದರಿಂದ ಅದಕ್ಕೆ ಪೆಟ್ಟು ಜಾಸ್ತಿ. ಬಾಯಿಯ ಒಳಪದರ, ಕರುಳಿನ ಒಳಪದರ, ರಕ್ತ ಹುಟ್ಟುವ ಮಜ್ಜೆ, ಇವೂ ಬೇಗ ಬೇಗ ನಕಲಾಗುವ ಜಾಗಗಳೇ. ಬಾಯಿ ಹುಣ್ಣು, ಭೇದಿ, ಬಿಳಿ ರಕ್ತಕಣ ಕಡಿಮೆಯಾಗುವುದು, ಎಲ್ಲ ಅದಕ್ಕೇ.

ದೊಡ್ಡವ್ವನಿಗೆ 14 ದಿನ ಮಾತ್ರೆ, 7 ದಿನ ಬಿಡುವು. ಮೊದಲು ಆ ಏಳು ದಿನ ಬಂತೆಂದರೆ ಅವಳಿಗೆ ಭಯ. ಔಷಧಿ ಇಲ್ಲದಾಗ ಗಡ್ಡೆ ಮತ್ತೆ ಬೆಳೆದರೆ ಅಂತ. ಆ ಏಳು ದಿನ ಇರುವುದು ಬಾಯಿ, ಕರುಳು, ಮಜ್ಜೆಯ ಒಳ್ಳೆಯ ಕೋಶಗಳಿಗೆ ಟಿ ಅಕ್ಷರ ಮತ್ತೆ ಸಿಕ್ಕಿ, ನಿಂತ ನಕಲು ಮುಂದುವರಿಯಲಿ ಅಂತ. ನಿನ್ನೆ ಬಿಡುವಿನ ಮೂರನೆಯ ದಿನ. ಬಾಯಿಹುಣ್ಣು ಮಾಯುತ್ತಾ ಬಂದಿದೆ ಅಂತ ಮಜ್ಜಿಗೆ ಅನ್ನದ ಜೊತೆ ಸ್ವಲ್ಪ ಉಪ್ಪಿನಕಾಯಿ ಕೇಳಿದಳು.